ಒಂಟಿ ಕಾಲುಚೀಲಗಳು

"ನೇಕಾರನ ಮಗನ ಕೈಗೆ ಲಾಳಿ ತಪ್ಪಿಸಿ ಲಾಠಿ ಕೊಟ್ಟರೆ ಹೀಗೇ ಆಗೋದು," ಅಂದರು ಕರ್ನಲ್ ಕಾರ್ಫ್ರೇ. "ಊರಿನ ಕಳ್ಳರು ನಿನ್ನ ಮೂಗಿನ ಕೆಳಗೆ ಓಡಾಡ್ತಾರೆ. ನೀನು ನೂಲು ಎಣಿಸ್ತಾ ಕೂತಿರು."

ಕವಾಯತು ಭವನದಲ್ಲಿ ಸಾಲುಗಟ್ಟಿ ನಿಂತಿದ್ದ ಸ್ವಯಂಸೇವಕ ಸಿಪಾಯಿಗಳಲ್ಲಿ ನಾಲ್ಕೈದು ಮಂದಿ ನಕ್ಕರು. ನಕ್ಕವರೂ ನೇಕಾರರ ಮಕ್ಕಳೇ. ಇನ್‌ಸ್ಪೆಕ್ಟರ್ ಆ್ಯಡಮ್ ಲೋರಿಮರ್‌ನ ಕಿವಿ ಸುಟ್ಟಂತಾಯಿತು. ತಲೆ ಬಗ್ಗಿಸಿ ದೂರು ಬರೆಯತೊಡಗಿದ.

1903ರ ಮೇ 14, ಗುರುವಾರ. ಸ್ಟ್ರಾತ್‌ಮಿರಿ ದಳಕ್ಕೆ ಎಡಿನ್‌ಬರೋದಿಂದ ಬಂದಿದ್ದ ಅರವತ್ತು ಹೊಸ ಕಿಲ್ಟುಗಳು, ಅಂದರೆ ಗಂಡಸರು ತೊಡುವ ನಿರಿಗೆ ಲಂಗಗಳು, ಹಿಂದಿನ ರಾತ್ರಿ ಉಗ್ರಾಣದಿಂದ ಕಳುವಾಗಿವೆ. ಬೀಗ ಮುರಿದಿಲ್ಲ. ಕೀಲಿ ಇರುವುದು ಭವನದ ಕುಂಟು ಕಾಲಿನ ಕಾವಲುಗಾರ ಟ್ಯಾಮ್ ಪೀರಿ ಹತ್ತಿರ. ಶನಿವಾರ ಹನ್ನೊಂದಕ್ಕೆ ಜನರಲ್ ಸಾಹೇಬರ ಮುಂದೆ ಮೆರವಣಿಗೆ.

"ಶನಿವಾರ ಬೆಳಿಗ್ಗೆಯೊಳಗೆ ಮಾಲು ಸಿಗದಿದ್ದರೆ ಈ ಕುಂಟನ್ನ ಒಳಗೆ ಹಾಕು," ಅಂದರು ಕರ್ನಲ್. "ಇವನ ಹೆಂಡತಿ ಮಕ್ಕಳನ್ನ ಭವನದ ಕೋಣೆಯಿಂದ ಆಚೆ ಹಾಕೋದು ನನಗೆ ಬಿಡು. ಪೊಲೀಸ್ ಸಮಿತಿಯಲ್ಲಿ ಅಧ್ಯಕ್ಷರ ಕುರ್ಚಿ ಯಾರದ್ದು ಅಂತ ನಿನಗೆ ಗೊತ್ತಲ್ಲ?"

ಗೊತ್ತಿತ್ತು. ಆ ಕುರ್ಚಿ ಅವರದ್ದೇ.

ಈ ದಳ ಹುಟ್ಟಿದ್ದು 1859ರಲ್ಲಿ, ಫ್ರೆಂಚರು ದಂಡೆತ್ತಿ ಬರ್ತಾರೆ ಅನ್ನೋ ಭಯದಲ್ಲಿ. ಸರ್ಕಾರ ಕಾಸು ಬಿಚ್ಚಲಿಲ್ಲ. ಊರಿನ ನೇಕಾರರೇ ಬಣ್ಣ ಹಾಕದ ಕುರಿ ಉಣ್ಣೆಯಲ್ಲಿ ಬೂದು ಬಟ್ಟೆ ನೇಯ್ದು ಹೊಲಿಸಿಕೊಂಡರು. ಬೂದು ಬಣ್ಣ ಯಾವ ಜಮೀನುದಾರನ ಕುಲದ್ದೂ ಅಲ್ಲ, ಹಾಗಾಗಿ ಎಲ್ಲರದ್ದೂ ಆಯಿತು. ಈಗ ಕಾರ್ಫ್ರೇ ಕರ್ನಲ್ ಆದ ಮೇಲೆ ತಮ್ಮ ಜಮೀನುದಾರ ಕುಲದ ಗುರುತಾದ ಚೌಕುಳಿಯ ಕಿಲ್ಟ್ ತರಿಸಿದ್ದರು. ಹಳೇ ಬೂದು ಕೋಟುಗಳು ಸೋಮವಾರ ಚಿಂದಿ ಗಿರಣಿಗೆ ಹೋಗಬೇಕಿತ್ತು.

ಲೋರಿಮರ್ ಉಗ್ರಾಣದಲ್ಲಿ ಪಂಚನಾಮೆ ಮಾಡಿದ. ಪೆಟ್ಟಿಗೆಯ ಮೊಳೆಗಳನ್ನು ಒಂದೂ ಬಗ್ಗಿಸದೆ ಕಿತ್ತು ಸಾಲಾಗಿ ಇಟ್ಟಿದ್ದರು. ಬೆಳ್ಳಿ ಕಟ್ಟಿನ ಸೊಂಟದ ಚೀಲಗಳನ್ನು ಕಳ್ಳ ಮುಟ್ಟಿರಲಿಲ್ಲ. ಕಿಲ್ಟಿನ ಜತೆಗೆ ಬಂದಿದ್ದ ಉದ್ದ ಕಾಲುಚೀಲಗಳ ಗಂಟು ಮಾತ್ರ ಬಿಚ್ಚಿತ್ತು. ಪ್ರತಿ ಜೋಡಿಯಲ್ಲೂ ಒಂದೊಂದು ಇಲ್ಲ.

"ಸಾಹೇಬ್ರೇ, ಒಂಟಿಕಾಲಿನ ಕಳ್ಳ ಕಣ್ರೀ!" ಅಂದ ಕಾನ್‌ಸ್ಟೇಬಲ್ ಡಾಡ್ ಪೆಟ್ರಿ. ಅಂದವನೇ ಟ್ಯಾಮ್‌ನ ಕುಂಟು ಕಾಲು ನೋಡಿ ನಾಲಿಗೆ ಕಚ್ಚಿಕೊಂಡ.

ಠಾಣೆಯಲ್ಲಿ ಟ್ಯಾಮ್‌ನ ವಿಚಾರಣೆ ನಡೆಯಿತು.

"ಕೀಲಿ ಎಲ್ಲಿತ್ತು?"

"ಕೊರಳಲ್ಲಿ."

"ಯಾರಿಗಾದ್ರೂ ಕೊಟ್ಟಿದ್ದೆಯಾ?"

"ನನ್ನ ಹೆಂಡತಿಗೂ ಕೊಡಲ್ಲ, ಆ್ಯಡಮ್. ಅವಳನ್ನೇ ಕೇಳು, ಅದಕ್ಕೇ ದಿನಾ ಬೈತಾಳೆ." ನಗಲು ಹೋದ, ಆಗಲಿಲ್ಲ. "ಕಿರಿಯವಳಿಗೆ ಕೆಮ್ಮು ಕಣಪ್ಪಾ. ಆಚೆ ಹಾಕಿದರೆ ಎಲ್ಲಿಗೆ ಕರ್ಕೊಂಡು ಹೋಗ್ಲಿ?"

ಲೋರಿಮರ್ ಹೇಳಿಕೆ ಬರೆದುಕೊಂಡು ಸದ್ಯಕ್ಕೆ ಅವನನ್ನು ಮನೆಗೆ ಕಳಿಸಿದ. ಶುಕ್ರವಾರವಿಡೀ ಡಾಡ್ ಜತೆ ಗಿರವಿ ಅಂಗಡಿ, ರೈಲು ನಿಲ್ದಾಣ, ದರ್ಜಿಗಳ ಮನೆ ಅಲೆದ. ಒಂದು ನೂಲೂ ಸಿಗಲಿಲ್ಲ. ಹೆಂಡತಿ ಇಟ್ಟ ಓಟ್ಸ್ ಗಂಜಿ ಹಾಗೇ ಬಿಟ್ಟು ಎದ್ದ. ಟ್ಯಾಮ್‌ಗೆ ಬೇಡಿ ಹಾಕುವ ಕೈ ತನ್ನದೇ ಆಗುತ್ತಲ್ಲ ಅನ್ನುವುದು ಎದೆಯಲ್ಲಿ ಮುಳ್ಳಾಗಿತ್ತು.

ಠಾಣೆಗೆ ವಾಪಸ್ ಬಂದು ಒಂದು ಒಂಟಿ ಕಾಲುಚೀಲವನ್ನು ಕೈಯಲ್ಲಿ ಹಿಡಿದು ಕೂತ. ಸುಮ್ಮನೆ ಒಳಗೆ ಕೈ ತೂರಿಸಿದ. ಆಗ ಹಡಗು ನೆನಪಾಯಿತು.

ಮೂರು ವರ್ಷದ ಹಿಂದೆ ಇದೇ ದಳದಿಂದ ಅವನೂ ದಕ್ಷಿಣ ಆಫ್ರಿಕಾದ ಯುದ್ಧಕ್ಕೆ ಹೋಗಿದ್ದ. ಅದೇ ಹಡಗಿನಲ್ಲಿ ಕಿಲ್ಟ್ ತೊಡುವ ಖಾಯಂ ಸೇನೆಯ ಪಡೆಯೊಂದಿತ್ತು. ಆ ಸಿಪಾಯಿಗಳು ಮಲಗುವ ಮುಂಚೆ ಕಿಲ್ಟನ್ನು ಬಿಗಿಯಾಗಿ ಸುರುಳಿ ಸುತ್ತಿ ಒಂದು ಕಾಲುಚೀಲದೊಳಗೆ ತೂರಿಸಿಡುತ್ತಿದ್ದರು. ಹಾಗೆ ಮಾಡಿದರೆ ನಿರಿಗೆ ಕೆಡುವುದಿಲ್ಲ.

ಪ್ಯಾಂಟು ತೊಟ್ಟು ಬೆಳೆದ ಸ್ಟ್ರಾತ್‌ಮಿರಿಯಲ್ಲಿ ಈ ಪಾಠ ಯಾರಿಗೆ ಗೊತ್ತು? ಹಡಗಿನಲ್ಲಿ ನೋಡಿದವರು ಇದ್ದರು, ದಿನವೂ ಮಾಡಿ ರೂಢಿಯಿದ್ದದ್ದು ಒಬ್ಬರಿಗೆ ಮಾತ್ರ. ಕಿಲ್ಟಿನ ಪಡೆಯಲ್ಲಿ ದುಡಿದು ಬಂದು, ಮೂವತ್ತು ವರ್ಷ ಈ ಊರಿನ ಹುಡುಗರಿಗೆ ಕವಾಯತು ಕಲಿಸಿದ ಸಾರ್ಜೆಂಟ್ ಹೆಕ್ಟರ್ ಗಿಲ್ಲೀಸ್. ಲೋರಿಮರ್‌ಗೆ ನೆಟ್ಟಗೆ ನಿಲ್ಲೋದು ಕಲಿಸಿದವರು. ಅವರ ಒಬ್ಬನೇ ಮಗ ರಾನಲ್ಡ್ ಅದೇ ಯುದ್ಧದಲ್ಲಿ ಜ್ವರದಿಂದ ಸಾಯುವಾಗ ನೀರು ಕುಡಿಸಿದ್ದು ಲೋರಿಮರೇ.

ಛೇ, ಆಗಿರಲಿಕ್ಕಿಲ್ಲ ಅಂದುಕೊಂಡ. ಬೆಳಗಿನ ತನಕ ಅದನ್ನೇ ಅಂದುಕೊಂಡ.

ಶನಿವಾರ ಏಳಕ್ಕೆ ಡಾಡ್‌ನೊಂದಿಗೆ ಗಿಲ್ಲೀಸ್ ಮನೆ ಬಾಗಿಲು ತಟ್ಟಿದ. ಮುದುಕ ಕ್ಷೌರ ಮುಗಿಸಿ, ಮೀಸೆ ತೀಡಿಕೊಂಡು ಕೂತಿದ್ದರು.

"ತಡ ಮಾಡಿದೆ, ಆ್ಯಡಮ್."

"ಮಾಲು ಎಲ್ಲಿದೆ, ಸಾರ್ಜೆಂಟ್ರೇ?"

ಗಿಲ್ಲೀಸ್ ಗೋಡೆಯೊಳಗಿನ ಮಂಚದ ಬಾಗಿಲು ಸರಿಸಿದರು. ರಾನಲ್ಡ್ ಮಲಗುತ್ತಿದ್ದ ಮಂಚ. ಕಂಬಳಿ ತೆಗೆದರೆ ಅರವತ್ತು ಕಾಲುಚೀಲದ ಸುರುಳಿಗಳು ಒತ್ತೊತ್ತಾಗಿ ಮಲಗಿದ್ದವು.

"ಕದ್ದ ಮೇಲೆ ಮುದುರಿ ಹೊಳೆಗೆ ಎಸೆಯೋದು ತಾನೇ?" ಅಂದ ಡಾಡ್.

"ಕಿಲ್ಟನ್ನ ಮುದುರೋದಾ? ನಿಮ್ಮಪ್ಪ ನಿನ್ನನ್ನ ಹಾಗೆ ಬೆಳೆಸಿರಬಹುದು ಕಣೋ." ಮುದುಕ ಮೇಜಿನ ಮೇಲೆ ಉಗ್ರಾಣದ ಹಳೇ ಕೀಲಿಯೊಂದನ್ನು ಇಟ್ಟರು. "ಕೆಲಸ ಬಿಟ್ಟಾಗ ಇದನ್ನ ವಾಪಸ್ ಕೊಡು ಅಂತ ಯಾರೂ ಕೇಳಲಿಲ್ಲ."

"ಟ್ಯಾಮ್‌ನ ಹಿಡೀತಾರೆ ಅಂತ ಗೊತ್ತಿರಲಿಲ್ಲವಾ?"

"ನಿನ್ನೆ ಗೊತ್ತಾಯ್ತು. ಮೆರವಣಿಗೆ ಮುಗಿದ ತಕ್ಷಣ ನಾನೇ ಠಾಣೆಗೆ ಬರೋನಿದ್ದೆ."

"ಯಾಕೆ ಮಾಡಿದ್ರಿ?"

ಮುದುಕನ ದನಿ ಇಳಿಯಿತು. "ರಾನಲ್ಡ್‌ನ ಬೂದು ಕೋಟು ಈಗ ಮೂರನೇ ಸಾಲಿನ ಯಾವನೋ ಹುಡುಗನ ಮೈಮೇಲಿದೆ. ದಳದ ಸ್ವತ್ತು, ಕೇಳಿದರೆ ಕೊಡಲಿಲ್ಲ. ಸೋಮವಾರ ಚಿಂದಿ ಆಗುತ್ತೆ. ಕಿಲ್ಟ್ ಇಲ್ಲದಿದ್ದರೆ ಇವತ್ತು ಬೂದು ಕೋಟಲ್ಲೇ ಹೊರಡಬೇಕಲ್ಲ? ಒಂದು ಸಲ ಅದು ನಮ್ಮ ಮನೆ ಮುಂದೆ ಹಾದು ಹೋಗಲಿ ಅಂತ. ಅಷ್ಟೇ. ಹನ್ನೊಂದರವರೆಗೆ ಬಿಡ್ತೀಯಾ, ಮಗಾ?"

"ಇಲ್ಲ," ಅಂದ ಲೋರಿಮರ್. "ನಿಮ್ಮನ್ನ ದಸ್ತಗಿರಿ ಮಾಡಿದೀನಿ. ಡಾಡ್, ಟ್ಯಾಮ್ ಮೇಲೆ ಇನ್ನು ಕೇಸಿಲ್ಲ ಅಂತ ಅವನ ಮನೇಲಿ ಹೇಳಿ ಬಾ. ಬರುವಾಗ ಇಬ್ಬರು ಪಂಚರನ್ನ ಕರ್ಕೊಂಡು ಬಾ. ಪಂಚನಾಮೆ ಇಲ್ಲೇ ಆಗಬೇಕು, ಆರೋಪಿಯ ಎದುರಲ್ಲೇ."

ಪಂಚರು ಬಂದರು. ಲೋರಿಮರ್ ಮೊದಲ ಸುರುಳಿ ಎತ್ತಿದ.

"ಸಾಹೇಬ್ರೇ, ಅರವತ್ತು ಅಂತ ಒಟ್ಟಿಗೇ ಬರೆದರೆ ಹತ್ತು ನಿಮಿಷದ ಕೆಲಸ," ಅಂದ ಡಾಡ್.

"ಒಂದೊಂದನ್ನೂ ಬಿಚ್ಚು. ಉದ್ದ ಅಳೆ. ನಿರಿಗೆ ಎಣಿಸು. ನಿಯಮ ನಿಯಮವೇ."

ಡಾಡ್ ಸಾಹೇಬನ ಮುಖ ನೋಡಿದ. ಕಿಟಕಿ ನೋಡಿದ. ಅಳತೆ ಪಟ್ಟಿ ತೆಗೆದ.

ಸುದ್ದಿ ಮುಟ್ಟಿ, ಒಂಬತ್ತಕ್ಕೆ ಕರ್ನಲ್ ಕಡೆಯವನು ಗಾಡಿ ತಂದ. ಪಂಚನಾಮೆ ಮುಗಿದಿಲ್ಲ ಅಂತ ಹೇಳಿ ಕಳಿಸಿದರು. ಹತ್ತಕ್ಕೆ ಮತ್ತೆ ಬಂದ. ಮುಗಿದಿಲ್ಲ. ಲೋರಿಮರ್‌ಗೆ ತನ್ನ ಇನ್‌ಸ್ಪೆಕ್ಟರ್‌ಗಿರಿ, ಸರ್ಕಾರಿ ಮನೆ, ಮಕ್ಕಳ ಶಾಲೆ ಎಲ್ಲವೂ ಆ ನಿರಿಗೆಗಳ ನಡುವೆ ಇದ್ದಂತೆ ಕಂಡಿತು. ಎಣಿಕೆ ತಪ್ಪಿತು. ಮೊದಲಿನಿಂದ ಎಣಿಸಿದ.

ಬೀದಿಯ ತುದಿಯಲ್ಲಿ ಡೋಲು ಕೇಳಿಸಿತು. ಗಿಲ್ಲೀಸ್ ಕಿಟಕಿಯ ಬಳಿ ಹೋಗಿ ಸೆಟೆದು ನಿಂತರು. ಬೂದು ಸಾಲು ಬಂತು. ಮೊದಲನೆಯದು, ಎರಡನೆಯದು. ಮೂರನೆಯ ಸಾಲಿನಲ್ಲಿ ತೋಳು ಉದ್ದವಾದ ಕೋಟು ತೊಟ್ಟ ಹುಡುಗನೊಬ್ಬ ಹೆಜ್ಜೆ ತಪ್ಪಿ, ಮತ್ತೆ ಕೂಡಿಸಿಕೊಂಡ.

"ಎಡಗಾಲು, ಕತ್ತೆ, ಎಡಗಾಲು," ಅಂದರು ಮುದುಕ ಮೆಲ್ಲಗೆ. ಸಾಲು ದಾಟಿ ಹೋಯಿತು. ಆಮೇಲೆ ತಾವೇ ಎರಡೂ ಕೈ ಮುಂದೆ ಚಾಚಿದರು. ಡಾಡ್ ಬೇಡಿ ಹಾಕದೆ ತೋಳು ಹಿಡಿದು ಠಾಣೆಗೆ ಕರೆದೊಯ್ದ.

ಜನರಲ್ ಹೋದ ಮೇಲೆ ಕರ್ನಲ್ ಕಾರ್ಫ್ರೇ ಗಿಲ್ಲೀಸ್ ಮನೆ ಮುಂದೆ ಕುದುರೆ ಇಳಿದು ಬಂದರು. ಹಿಂದೆ ಸಿಪಾಯಿಗಳು, ಅವರ ಹಿಂದೆ ಅರ್ಧ ಊರು. ಲೋರಿಮರ್ ಗಾಡಿಗೆ ಕೊನೆಯ ಸುರುಳಿ ಇಡಿಸುತ್ತಿದ್ದ.

"ಏಳಕ್ಕೆ ಸಿಕ್ಕಿದ ಮಾಲು ಹನ್ನೊಂದಕ್ಕೆ ಭವನ ಸೇರಲಿಲ್ಲ," ಅಂದರು ಕರ್ನಲ್. "ಬೇಕಂತಲೇ ಮಾಡಿದೆ, ಅಲ್ವೇನೋ? ಎಲ್ಲರ ಮುಂದೆ ಹೇಳು. ಬೇಕಂತಲೇ ತಾನೇ?"

ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ.

ಲೋರಿಮರ್ ಪಂಚನಾಮೆಯ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡ. ಟೋಪಿ ಸರಿ ಮಾಡಿಕೊಂಡ. ಬೂದು ಕೋಟುಗಳು ಬಿಟ್ಟುಕೊಟ್ಟ ದಾರಿಯಲ್ಲಿ, ಹಿಂದಿರುಗಿ ನೋಡದೆ, ಠಾಣೆಯ ಕಡೆ ನಡೆದ.