ಇನ್ನೊಂದು ಖಾಲಿ ಕಪ್ಪು

ಕೊಲ್ಲಿ ನಾಡಿನ ಜುಫೈರ್‌ನಲ್ಲಿ, ಅಮೆರಿಕನ್ ನೌಕಾನೆಲೆಯ ಗೇಟಿನೆದುರಿನ ಕಾಫಿ ಅಂಗಡಿಯಲ್ಲಿ ಬೆಳಗಿನ ಹೊತ್ತು ಯಾರಿಗೂ ಪುರುಸೊತ್ತಿರುವುದಿಲ್ಲ. ಸಮವಸ್ತ್ರದ ಅಮೆರಿಕನ್ ಹುಡುಗರು, ಸೂಟು ತೊಟ್ಟ ರಾಯಭಾರ ಕಚೇರಿಯವರು, ಎಲ್ಲರಿಗೂ ಅರ್ಜೆಂಟು. ಆ ಸಾಲಿನಲ್ಲಿ ಒಬ್ಬನ ಸರದಿ ಬಂದಾಗ ಮಾತ್ರ ಕಾಫಿ ಮಾಡಿಕೊಡುವ ಮೇಬಲ್‌ಳ ಕೈ ತಾನಾಗಿಯೇ ನಿಧಾನವಾಗುತ್ತಿತ್ತು. ಅವನು ದಾವಣಗೆರೆಯ ಧನಂಜಯ, ನೆಲೆಯೊಳಗಿನ ಒಂದು ಗುತ್ತಿಗೆ ಕಂಪನಿಯಲ್ಲಿ ಅಕೌಂಟೆಂಟ್.

ಮೊದಲ ದಿನ ಕಪ್ಪು ಹಿಡಿದವನೇ "ಅಯ್ಯಪ್ಪಾ" ಎಂದಿದ್ದ.

"ಮೆಲ್ಲ ಹಿಡೀರಿ ಮಾರಾಯ್ರೆ, ಬಿಸಿ ಉಂಟು," ಎಂದಳು ಮೇಬಲ್, ಯೋಚಿಸದೆ.

ಅವನು ಕಣ್ಣೆತ್ತಿದ. ನಗು ಮೊದಲು ಕಣ್ಣಿಗೆ ಬಂತು, ತುಟಿಗೆ ಇಳಿಯಲು ಹೊತ್ತು ತೆಗೆದುಕೊಂಡಿತು. ಅಂದಿನಿಂದ ಅವನ ನಮಸ್ಕಾರವೇ ಅದಾಯಿತು. "ಇವತ್ತು ಬಿಸಿ ಉಂಟೇನ್ರಿ?"

"ಇವತ್ತು ಸ್ವಲ್ಪ ಜಾಸ್ತಿಯೇ ಉಂಟು," ಎನ್ನುತ್ತಿದ್ದಳು ಅವಳು, ಹಾಲಿನ ಹಬೆಯ ಹಿಂದೆ ಮುಖ ಮರೆಸಿಕೊಂಡು.

ಆರ್ಡರೂ ದಿನಾ ಒಂದೇ. ಎರಡು ದೊಡ್ಡ ಕಾಫಿ, ಜೊತೆಗೆ ಸಣ್ಣದೊಂದು ಖಾಲಿ ಕಪ್ಪು. ಕಾಫಿ ಆಫೀಸರುಗಳಿಗೆ ಎಂದು ಅವಳಿಗೆ ಗೊತ್ತಿತ್ತು. ಖಾಲಿ ಕಪ್ಪು ಯಾರಿಗೆ ಎಂದು ಒಮ್ಮೆ ಕೇಳಿದಳು.

"ಹೇಳಿದ್ರೆ ನಗ್ತೀರಿ, ಬಿಡ್ರಿ," ಎಂದು ಅವನು ನಾಚಿಕೊಂಡ.

ಕ್ಯಾಶ್ ಕೌಂಟರಿನಲ್ಲಿ ಕೂರುವ ಉಳ್ಳಾಲದ ಸುಬೈದಾಳಿಗೆ ಎಲ್ಲವೂ ಗೊತ್ತು. "ಅಷ್ಟೂ ಗೊತ್ತಾಗುದಿಲ್ವಾ ನಿನ್ಗೆ? ಹೊರಗೆ ಕಾರಲ್ಲಿ ಹೆಂಡತಿ, ಮಡಿಲಲ್ಲಿ ಮಗು. ಅದ್ರಲ್ಲೇ ಒಂದು ಗುಟುಕು ಮಗುವಿಗೆ ಆರಿಸಿ ಕೊಡ್ಲಿಕ್ಕೆ ಸಣ್ಣ ಕಪ್ಪು."

ಮೇಬಲ್ ನಂಬಿದಳು. ಹೆಂಡತಿ ಇಟ್ಟುಕೊಂಡು ಹೀಗೆ ನೋಡುತ್ತಾನಲ್ಲ ಎಂದು ಉರಿದಳು. ಮರುದಿನ ಅವನು ಬಂದಾಗ ಆ ನೋಟಕ್ಕಾಗಿಯೇ ಕಾದಳು. ಹೆಂಡತಿ ಇದ್ದಾಳಾ ಎಂದು ನೇರವಾಗಿ ಕೇಳಬಹುದಿತ್ತು. ಕೇಳಿದರೆ ಅದು ನಿಮಗೇಕೆ ಎಂಬುದಕ್ಕೂ ಉತ್ತರ ಬೇಕಲ್ಲ.

ಅದೇ ಸಮಯಕ್ಕೆ ಕೊಸ್ಮಸ್‌ನ ಸಂಬಂಧ ಬಂತು. ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್, ಶಿರ್ತಾಡಿಯವನು. ಹಿಂದಿನ ವರ್ಷ ಅವಳಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಸೆಗಯಾದ ಅವಳ ರೂಮಿಗೆ ಗಂಜಿ ತಂದುಕೊಟ್ಟವನು. ಒಳ್ಳೆಯವನು ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಅವಳು ಹೂಂ ಎಂದಳು. ಊರಿನ ಇಗರ್ಜಿಯಲ್ಲಿ ಪಾದ್ರಿಗಳು ಇಬ್ಬರ ಹೆಸರೂ ಕೂಗಿ ಮದುವೆ ಸಾರಿದರು.

ಆಮೇಲೆ ಒಂದು ದಿನ ಧನಂಜಯನಿಗೆ ಜ್ವರ. ಅವನ ಆಫೀಸಿನಿಂದ ಫೋನು ಬಂತು, ಕಾಫಿಯನ್ನು ಗೇಟಿನವರೆಗೆ ತಂದುಕೊಡಿ ಎಂದು. ಮೇಬಲ್ ಎರಡು ಕಪ್ಪು ಹಿಡಿದು ಹೋದಳು. ಹೊರಗಿನಿಂದ ಕಾಫಿ ತಂದವರು, ಏನೂ ಬೆರೆಸಿಲ್ಲವೆಂದು ತಾವೇ ಒಂದು ಗುಟುಕು ಕುಡಿದು ತೋರಿಸಬೇಕು, ಅದು ಇಲ್ಲಿಯ ನಿಯಮ ಎಂದ ಗೇಟಿನ ನೇಪಾಳಿ ಕಾವಲುಗಾರ. ಎಂಜಲಾಗುತ್ತದಲ್ಲ ಎಂದು ಅವಳು ಅನುಮಾನಿಸಿದ್ದು ನೋಡಿ ಅವನಿಗೆ ನಗು.

"ನೀವೂ ಧನಂಜಯ್ ಭಾಯಿಯ ಊರಿನವರೇ?" ಎಂದ ಹಿಂದಿಯಲ್ಲಿ. "ಅವರು ಒಂದೊಂದು ಗುಟುಕು ಸಣ್ಣ ಕಪ್ಪಿಗೆ ಬಗ್ಗಿಸಿ ಕುಡೀತಾರೆ. ತಾಯಿ-ಮಗು, ಗಂಡ-ಹೆಂಡತಿ ಬಿಟ್ಟರೆ ಯಾರಿಗೂ ಎಂಜಲು ಕೊಡಬಾರದಂತೆ."

"ಹೆಂಡತಿ ಕಾರಲ್ಲಿ ಕಾಯುವುದಿಲ್ವಾ?"

"ಯಾವ ಹೆಂಡತಿ, ಯಾವ ಕಾರು? ಮುಹರ್ರಕ್‌ನಿಂದ ಬಸ್ಸಲ್ಲಿ ಬರುವ ಒಂಟಿ ಮನುಷ್ಯ ಅವರು."

ಅಂಗಡಿಗೆ ವಾಪಸ್ಸು ಬಂದವಳು ಹಾಲು ಉಕ್ಕಿಸಿದಳು, ಬೇರೆಯವರ ಆರ್ಡರು ಅದಲು ಬದಲು ಮಾಡಿದಳು. ಮೊಣಕೈಗೆ ಹಚ್ಚಿದ ಬೆಲ್ಲವಾಗಿದ್ದ ಅವನು. ಈಗಂತೂ ಆ ಕೈಯೇ ಬೇರೆಯವರದು.

ಜ್ವರ ಬಿಟ್ಟು ಬಂದ ಧನಂಜಯ ಸೊರಗಿದ್ದ. ಬಿಸಿ ಉಂಟಾ ಎಂದು ಕೇಳಲಿಲ್ಲ.

"ಜಿಬೂಟಿಗೆ ಟ್ರಾನ್ಸ್‌ಫರ್ ಮಾಡ್ಯಾರ್ರಿ. ಇವತ್ತು ಸಂಜೆ ಫ್ಲೈಟು." ದುಡ್ಡು ಕೌಂಟರಿನ ಮೇಲಿಟ್ಟ. "ನಮ್ಮವ್ವಗೆ ನಿಮ್ಮ ವಿಷಯ ಹೇಳೀನಿ. ಮೊದಲು ಅತ್ಲು. ಆಮೇಲೆ, ಹುಡುಗಿ ರೊಟ್ಟಿ ತಿಂತಾಳಾ ಅಂತ ಕೇಳಿದ್ಲು."

ಮೇಬಲ್‌ಗೆ ನಗು ಬಂತು. ಅದರ ಬೆನ್ನಿಗೇ ಅಳು ಬಂತು.

"ಇಗರ್ಜಿಯಲ್ಲಿ ಮದುವೆಗೆ ನನ್ನ ಹೆಸರು ಕೂಗಿ ಆಯ್ತು, ಕೊಸ್ಮಸ್ ಜೊತೆ," ಎಂದಳು.

"ಯಾವಾಗ?"

"ನಿಮಗೆ ಹೆಂಡತಿ, ಮಗು ಇದ್ದಾಗ."

ಅವನಿಗೆ ಅರ್ಥವಾಗಲಿಲ್ಲ. ಅವಳು ಸಣ್ಣ ಕಪ್ಪು ತೋರಿಸಿ, ಸುಬೈದಾಳ ಕಥೆಯನ್ನೂ ಗೇಟಿನಲ್ಲಿ ತಿಳಿದದ್ದನ್ನೂ ಹೇಳಿದಳು. ಅವನು ಆ ಕಪ್ಪನ್ನೇ ನೋಡುತ್ತ ನಿಂತ.

"ಹೆಂಡತಿ ಇದ್ದಾಳೇನು ಅಂತ ಕೇಳಬಹುದಿತ್ತಲ್ರಿ."

"ನೀವು ಹೇಳಬಹುದಿತ್ತು."

"ಈಗ ಬಿಡಿಸಿಕೊಳ್ಳಾಕ ಆಗಲ್ವಾ?"

"ಆಗ್ತದೆ. ಆದ್ರೆ ಕೊಸ್ಮಸ್ ಎಂತ ತಪ್ಪು ಮಾಡಿದ್ದಾರೆ ಹೇಳಿ? ಗಂಜಿ ತಂದುಕೊಟ್ಟವರು ಅವರು. ಅವರ ಅಮ್ಮ ನನ್ನ ಮದುವೆ ಸೀರೆಯನ್ನೂ ತೆಗೆದಿಟ್ಟಿದ್ದಾರೆ." ಅವಳ ದನಿ ಸಣ್ಣದಾಯಿತು. "ನನಗೆ ಪ್ರೀತಿ ಇರುದು ನಿಮ್ಮ ಮೇಲೆಯೇ. ಅದು ಸುಳ್ಳಲ್ಲ. ಆದ್ರೆ ಕೊಟ್ಟ ಮಾತು ಮುರಿಯುದು ನನ್ನಿಂದ ಆಗುದಿಲ್ಲ."

ಸಾಲು ಬಾಗಿಲು ದಾಟಿ ಬೆಳೆದಿತ್ತು. ಅವಳ ಕೈ ಅಭ್ಯಾಸಬಲದಿಂದ ಎರಡು ದೊಡ್ಡ ಕಪ್ಪು, ಒಂದು ಸಣ್ಣ ಕಪ್ಪು ಜೋಡಿಸಿತು.

"ಇವತ್ತು ಆಫೀಸಿಲ್ಲ. ಒಂದೇ ಸಾಕು," ಎಂದ ಧನಂಜಯ.

ಅವಳು ಕೊಟ್ಟ ಕಾಫಿಯನ್ನು ಅಲ್ಲೇ ಒಂದು ಗುಟುಕು ಕುಡಿದ. ಸಣ್ಣ ಕಪ್ಪನ್ನು ಮುಟ್ಟಲಿಲ್ಲ. ತಾನು ಕುಡಿದ ಕಪ್ಪನ್ನು ಮೆಲ್ಲಗೆ ಕೌಂಟರಿನ ಮೇಲೆ ಅವಳ ಕಡೆಗೆ ಸರಿಸಿದ.

"ಬಿಸಿ ಉಂಟು," ಎಂದ.

ಸುಬೈದಾ ನೋಡುತ್ತಿದ್ದಳು, ಸಾಲಿನವರೆಲ್ಲ ನೋಡುತ್ತಿದ್ದರು. ಮೇಬಲ್ ಕಪ್ಪೆತ್ತಿ, ಅವನ ತುಟಿ ತಾಗಿದ್ದ ಕಡೆಗೇ ತಿರುಗಿಸಿಕೊಂಡು, ಕೊನೆಯ ಹನಿಯವರೆಗೂ ಕುಡಿದಳು. ಕಪ್ಪು ಕೆಳಗಿಟ್ಟಾಗ ಧನಂಜಯನಿದ್ದ ಜಾಗದಲ್ಲಿ ಒಬ್ಬ ನಾವಿಕ ನಿಂತು ತನ್ನ ಆರ್ಡರು ಹೇಳುತ್ತಿದ್ದ. ಅವಳು ಅವನ ಹೆಸರು ಕೇಳಿ ಕಪ್ಪಿನ ಮೇಲೆ ಬರೆದಳು.