ತೊಳೆದ ಟ್ಯಾಂಕು

"ಇನ್ನೊಂದೇ ಒಂದು ಕಡೆ ಬಾಕಿ," ಎಂದುಕೊಳ್ಳುತ್ತಾ ಜೀರುಂಡೆ ಹಳೆಯ ಟೂತ್‌ಬ್ರಶ್ಶನ್ನು ಸೋಪಿನ ನೀರಿಗೆ ಅದ್ದಿದಳು. ಟ್ಯಾಂಕಿನ ಹಿಂಭಾಗವನ್ನು ಗಸಗಸ ಉಜ್ಜಿದಳು. ಕೆಳಗೆ ಹಾಸಿದ್ದ ಪೇಪರಿನ ಮೇಲೆ ಕಂದು ನೀರು ಇಳಿಯಿತು. ಅಬ್ಬಬ್ಬಾ, ಎಷ್ಟು ಕೊಳೆ!

ಜೀರುಂಡೆ ಅವಳ ನಿಜವಾದ ಹೆಸರಲ್ಲ, ಬಿಡಿ. ಬಾಯಿ ತೆರೆದರೆ ಮುಚ್ಚುವುದೇ ಇಲ್ಲ ಎಂದು ಅತ್ತೆ ಇಟ್ಟ ಹೆಸರು. ಈಗ ಐದನೇ ಕ್ಲಾಸಿನ ಟೀಚರ್ ಕೂಡ ಹಾಗೇ ಕರೆಯುತ್ತಾರೆ. ನಾವೂ ಹಾಗೇ ಕರೆಯೋಣ.

ಟ್ಯಾಂಕು ಎಂದರೆ ಮನೆ ಮೇಲಿನ ನೀರಿನ ಟ್ಯಾಂಕು ಎಂದುಕೊಳ್ಳಬೇಡಿ. ಇದು ಯುದ್ಧದ ಟ್ಯಾಂಕು. ನಿಜವಾದದ್ದನ್ನು ಅಚ್ಚುಕಟ್ಟಾಗಿ ಕುಗ್ಗಿಸಿ ಮಾಡಿದ ಮಾಡೆಲ್ಲು. ಸುಮಾರು ಒಂದು ಮೊಳ ಉದ್ದ. ರಿಮೋಟಿನಿಂದ ಓಡುತ್ತದೆ. ಇಂಥವು ಅತ್ತೆಯ ಕೋಣೆಯ ಕಪಾಟಿನ ತುಂಬ ಸಾಲಾಗಿ ನಿಂತಿವೆ.

ಅತ್ತೆ ಎಂದರೆ ಅಪ್ಪನ ತಂಗಿ. ಮಹಡಿಯ ಮೇಲಿನ ಕೋಣೆ ಅವಳದು. ಅವಳ ಕೆಲಸ ಕಟ್ಟುಹಲ್ಲು ಮಾಡುವುದು. ದಿನವಿಡೀ ಲ್ಯಾಬಿನಲ್ಲಿ ಕೂತು ಯಾರ್‍ಯಾರದೋ ಬಾಯಿಗೆ ಹಲ್ಲು ಮಾಡುತ್ತಾಳೆ, ಮನೆಗೆ ಬಂದು ಅದೇ ಸಣ್ಣ ಸಣ್ಣ ಸಲಕರಣೆಗಳಿಂದ ಟ್ಯಾಂಕು ಮಾಡುತ್ತಾಳೆ. ಅಂಗಡಿಯಿಂದ ಡಬ್ಬಿಯಲ್ಲಿ ಬರುವಾಗ ಅದು ಬರೀ ಆಟದ ಸಾಮಾನು. ಅತ್ತೆ ಅದರ ಪ್ಲಾಸ್ಟಿಕ್ ಚೈನು ಕಿತ್ತು ಕಬ್ಬಿಣದ ಚೈನು ಹಾಕುತ್ತಾಳೆ. ಹೊಟ್ಟೆಯೊಳಗೆ ಸ್ಪೀಕರ್ ಕೂರಿಸುತ್ತಾಳೆ. ಮೈಮೇಲೆ ತೂಗುಹಾಕಲು ದಾರ ಹೊಸೆದ ಹಗ್ಗ, ಟಿಶ್ಯೂ ಪೇಪರನ್ನು ಗೋಂದಿನಲ್ಲಿ ಅದ್ದಿ ಸುರುಳಿ ಸುತ್ತಿದ ಟಾರ್ಪಾಲು, ಹಲ್ಲಿನಷ್ಟೇ ದೊಡ್ಡದಾದ ಒಂದು ಬಕೆಟ್ಟು. ಆ ಬಕೆಟ್ಟಿಗೆ ಹಿಡಿಕೆಯೂ ಇತ್ತು!

ಮೊದಲ ಸಲ ಅತ್ತೆ ಸ್ವಿಚ್ಚು ಒತ್ತಿದ ದಿನ ಜೀರುಂಡೆಗೆ ಇನ್ನೂ ನೆನಪಿದೆ. ಇಂಜಿನ್ನು ಕೆಮ್ಮಿತು. ಇಡೀ ಟ್ಯಾಂಕು ಗಡಗಡ ನಡುಗಿತು. ಹಿಂದಿನಿಂದ ಹೊಗೆ ಬಂತು. ಆಮೇಲೆ ಅದು ತಲೆಯನ್ನು ನಿಧಾನವಾಗಿ ಅವಳ ಕಡೆ ತಿರುಗಿಸಿತು. ಜೀರುಂಡೆಯ ಮೈ ಜುಮ್ಮೆಂದಿತು. ತುಂಬ ಹೊತ್ತು ಅವಳು ಮಾತೇ ಆಡಲಿಲ್ಲ. ಜೀರುಂಡೆ ಮಾತಾಡಲಿಲ್ಲ ಎಂದರೆ ನೀವೇ ಊಹಿಸಿಕೊಳ್ಳಿ.

ನಾಳೆ ಭಾನುವಾರ ದೊಡ್ಡ ಸಭಾಂಗಣದಲ್ಲಿ ಇಂಥ ಟ್ಯಾಂಕುಗಳ ಶೋ. ಅತ್ತೆ ಮೊದಲ ಸಲ ತನ್ನ ಟ್ಯಾಂಕನ್ನು ನಾಲ್ಕು ಜನರೆದುರು ಇಡುತ್ತಿದ್ದಳು. ರಿಮೋಟು ಯಾರ ಕೈಯಲ್ಲಿ? ಜೀರುಂಡೆಯ ಕೈಯಲ್ಲಿ! ಈ ವಿಷಯ ಕ್ಲಾಸಿನಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ. ವ್ಯಾನ್ ಡ್ರೈವರಿಗೂ ಗೊತ್ತು.

ಎಷ್ಟೋ ದಿನದಿಂದ ಅತ್ತೆ ಬಟ್ಟೆ ಮುಚ್ಚಿಟ್ಟಿದ್ದ ಟ್ಯಾಂಕನ್ನು ಇವತ್ತು ಸ್ಕೂಲಿನಿಂದ ಬಂದು ತೆರೆದು ನೋಡಿದರೆ ಮೈತುಂಬ ಕೆಸರು, ಧೂಳು, ತುಕ್ಕು. ಅತ್ತೆ ಇನ್ನೂ ಲ್ಯಾಬಿನಿಂದ ಬಂದಿರಲಿಲ್ಲ. ನಾಳೆ ಅಷ್ಟು ಜನರೆದುರು ಹೋಗಬೇಕು, ಮುಖ ತೊಳೆಯದೆ ಯಾರಾದರೂ ಹೋಗುತ್ತಾರೆಯೇ? "ಕೈ ತೊಳ್ದ್ಯಾ? ಕಾಲು ತೊಳ್ದ್ಯಾ?" ಎಂದು ದಿನಾ ಕೇಳುವ ಅಮ್ಮನ ಮಗಳಲ್ಲವೇ ಅವಳು! ಒಳಗೆ ಬ್ಯಾಟರಿ, ವೈರು ಇದೆ ಎಂದು ಗೊತ್ತಿತ್ತು. ಅದಕ್ಕೇ ನೀರು ಸುರಿಯದೆ, ಬ್ರಶ್ಶಿನಿಂದ ಜೋಪಾನವಾಗಿ ಉಜ್ಜಿದಳು. ಕೊನೆಗೆ ತನ್ನ ಟವೆಲ್ಲಿನಿಂದ ಒರೆಸಿದಳು. ಟ್ಯಾಂಕು ಹಸಿರಾಗಿ ಫಳಫಳ ಹೊಳೆಯಿತು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು.

"ಅತ್ತೇ! ಕಣ್ಣು ಮುಚ್ಕೊಂಡು ಬಾ! ಸರ್‌ಪ್ರೈಸ್!"

ಅತ್ತೆ ಕಣ್ಣು ಮುಚ್ಚಿಕೊಂಡೇ ಬಂದಳು. ಪಾಪ, ನಗುತ್ತಿದ್ದಳು ಕೂಡ. ಕಣ್ಣು ತೆರೆದಳು. ನಗು ಹಾಗೇ ನಿಂತುಹೋಯಿತು. ಕೈಯಲ್ಲಿದ್ದ ಬ್ಯಾಗನ್ನು ನೆಲಕ್ಕಿಟ್ಟು, ಸ್ಟೂಲಿನ ಮೇಲೆ ಕುಸಿದಳು.

"ಏನ್ ಮಾಡ್ಬಿಟ್ಟೆ ಕಣೇ..."

"ತೊಳ್ದೆ ಅತ್ತೆ. ಎಷ್ಟು ಕೊಳೆ ಇತ್ತು ಗೊತ್ತಾ? ನೀನು ನೋಡೇ ಇರ್ಲಿಲ್ಲ ಅನ್ಸುತ್ತೆ."

"ಕೊಳೆ ಅಲ್ವೇ ಅದು! ನಾನು ಮಾಡಿದ್ದು! ಒಂದೊಂದು ಚುಕ್ಕೇನೂ ನಾನೇ ಇಟ್ಟಿದ್ದು. ಬಣ್ಣದ ಪುಡಿ ಅದು. ಇವತ್ತು ಸಂಜೆ ವಾರ್ನಿಶ್ ಹೊಡೆದು ಕೂರಿಸ್ಬೇಕು ಅಂತಿದ್ದೆ." ಅತ್ತೆ ಹೊಳೆಯುವ ಹಸಿರನ್ನು ಬೆರಳಿನಿಂದ ಮುಟ್ಟಿದಳು. "ಮೂರು ತಿಂಗಳು ಕಣೇ."

ಜೀರುಂಡೆಗೆ ಮೊದಲು ಅರ್ಥವೇ ಆಗಲಿಲ್ಲ. ಕೊಳೆಯನ್ನು ಯಾರಾದರೂ ಮಾಡುತ್ತಾರೆಯೇ? ಆದರೆ ಅತ್ತೆಯ ಕಣ್ಣಲ್ಲಿ ನೀರು ಬಂದದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಪೇಪರಿನ ಮೇಲಿದ್ದ ಕಂದು ನೀರನ್ನು ನೋಡಿದಳು. ಮೂರು ತಿಂಗಳು ಅಲ್ಲಿ ಬಿದ್ದಿತ್ತು. ಅವಳು ಗೊಳೋ ಎಂದು ಅತ್ತಳು.

ಅಳು ಕೇಳಿ ಅಮ್ಮ ಓಡಿ ಬಂದಳು. ವಿಷಯ ತಿಳಿದು, "ಅಲ್ಲ ಕಣೆ, ಹೊಸ ಸಾಮಾನಿಗೆ ಕೊಳೆ ಬಳಿಯೋರನ್ನ ನಾನಂತೂ ಎಲ್ಲೂ ನೋಡಿಲ್ಲ," ಎಂದಳು ಅತ್ತೆಗೆ.

"ಅತ್ತಿಗೆ, ನಾನು ಹಲ್ಲಿಗೂ ಬಳೀತೀನಿ," ಎಂದಳು ಅತ್ತೆ, ಮೂಗೊರೆಸಿಕೊಳ್ಳುತ್ತಾ. "ಕಟ್ಟುಹಲ್ಲು ತೀರಾ ಬೆಳ್ಳಗಿದ್ರೆ ಸುಳ್ಳು ಹಲ್ಲು ಅಂತ ಬೀದಿಗೆಲ್ಲಾ ಗೊತ್ತಾಗುತ್ತೆ. ಬುಡದಲ್ಲಿ ಒಂಚೂರು ಹಳದಿ, ತುದೀಲಿ ಒಂಚೂರು ಸವೆತ ಇರ್ಬೇಕು. ಆಗ್ಲೇ ಅದು ಊಟ ಮಾಡಿದ ಹಲ್ಲು."

ಅಮ್ಮ ತನ್ನ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡು, ಟೀ ಮಾಡಲು ಕೆಳಗಿಳಿದಳು.

ಅತ್ತೆ ಟ್ಯಾಂಕಿನ ಸ್ವಿಚ್ಚು ಒತ್ತಿದಳು. ಜೀರುಂಡೆ ಉಸಿರು ಬಿಗಿಹಿಡಿದಳು. ಇಂಜಿನ್ನು ಕೆಮ್ಮಿತು, ಮೈ ನಡುಗಿತು. ಸದ್ಯ, ನೀರು ಒಳಗೆ ಹೋಗಿರಲಿಲ್ಲ.

"ಅತ್ತೆ, ಹೀಗೇ ತಗೊಂಡು ಹೋಗೋಕಾಗಲ್ವಾ?"

"ಡಬ್ಬಿಯಿಂದ ಈಗ ತಾನೇ ತೆಗೆದ ಹಾಗಿದೆ. ಇದು ಎಲ್ಲಿಗೂ ಹೋಗಿ ಬಂದಿಲ್ಲ ಅಂತ ಮುಖದ ಮೇಲೇ ಬರ್ದಿದೆ. ಬೇಡ, ನಾಳೆ ಹೋಗೋದು ಬೇಡ ಬಿಡು."

ಜೀರುಂಡೆಯ ಎದೆ ಧಸಕ್ಕೆಂದಿತು. ರಿಮೋಟು ಹೋಯಿತು ಎಂದಲ್ಲ. ಅದೂ ಇತ್ತು, ಸುಳ್ಳೇಕೆ. ಆದರೆ ಅತ್ತೆ ಹೊಸ ಕುರ್ತಾ ಇಸ್ತ್ರಿ ಮಾಡಿಸಿ ಬಾಗಿಲ ಹಿಂದೆ ತೂಗುಹಾಕಿದ್ದಳು.

"ನಾನೇ ಮತ್ತೆ ಕೊಳೆ ಮಾಡ್ತೀನಿ ಅತ್ತೆ! ಈಗ್ಲೇ! ನನಗೆ ಅದು ಚೆನ್ನಾಗಿ ಬರುತ್ತೆ, ಬೇಕಾದ್ರೆ ಅಮ್ಮನ್ನ ಕೇಳು!"

ಅತ್ತೆಗೆ ನಗು ತಡೆಯಲಾಗಲಿಲ್ಲ. "ಹೌದಾ? ಹಾಗಾದ್ರೆ ಹೇಳು ನೋಡೋಣ. ಕೆಸರು ಎಲ್ಲೆಲ್ಲಿ ಕೂರುತ್ತೆ?"

ಜೀರುಂಡೆ ತನ್ನ ಕಾಲನ್ನೇ ನೋಡಿಕೊಂಡಳು. ದಿನಾ ಕೆಸರಲ್ಲಿ ಆಡುವವಳು, ಅದು ಎಲ್ಲಿ ಕೂರುತ್ತದೆಂದು ಒಂದು ದಿನವೂ ನೋಡಿರಲಿಲ್ಲ.

"ನಡಿ," ಎಂದು ಅತ್ತೆ ಎದ್ದಳು.

ಬೀದಿಯ ತುದಿಯಲ್ಲಿ ಪೈಪು ಹಾಕಲು ಮಣ್ಣು ಅಗೆಯುತ್ತಿದ್ದರು. ಅಗೆಯುವ ಹಳದಿ ಮಷೀನು ಕೆಲಸ ಮುಗಿಸಿ ನಿಂತಿತ್ತು. ಅದಕ್ಕೂ ಟ್ಯಾಂಕಿನಂತೆ ಚಕ್ರದ ಸುತ್ತ ಚೈನು. ಜೀರುಂಡೆ ಅದನ್ನು ವಾರದಿಂದ ನೋಡುತ್ತಿದ್ದಳು. ಇವತ್ತು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು.

ಅಮ್ಮಮ್ಮಾ! ಒಂದು ಕೆಸರಲ್ಲ, ಎಷ್ಟೊಂದು ಬಗೆಯ ಕೆಸರು! ಕೆಳಗೆ ಒದ್ದೆಯಾಗಿ ಕಪ್ಪು. ಅದರ ಮೇಲೆ ಅರೆ ಒಣಗಿದ್ದು. ಇನ್ನೂ ಮೇಲೆ ಬೆಳ್ಳಗೆ ಒಣಗಿ, ಬಿರುಕು ಬಿಟ್ಟದ್ದು. ಚಕ್ರದ ಸಂದಿಯಲ್ಲಿ ಹುಲ್ಲುಕಡ್ಡಿ. ಚೈನು ನೆಲಕ್ಕೆ ಉಜ್ಜುವ ಕಡೆ ಮಾತ್ರ ಬೆಳ್ಳಿಯ ಹೊಳಪು. ಮಳೆನೀರು ಇಳಿದ ಕಡೆ ತುಕ್ಕಿನ ಗೆರೆ. ಯಾರೋ ಕೂತು ಬಿಡಿಸಿದ ಹಾಗಿತ್ತು, ಆದರೆ ಯಾರೂ ಬಿಡಿಸಿರಲಿಲ್ಲ. ತಾನೇ ತಾನಾಗಿ ಆಗಿತ್ತು. ಅವಳಿಗೆ ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

"ಏನಮ್ಮಾ, ಮಷೀನು ಕೊಂಡ್ಕೊಳ್ತೀಯಾ?" ಎಂದು ನಕ್ಕರು ಆ ಮಷೀನಿನ ಡ್ರೈವರು.

"ಇಲ್ಲಿ ಯಾಕೆ ಬಣ್ಣ ಹೋಗಿದೆ ಅಂಕಲ್?" ಬಾಗಿಲ ಕೆಳಗೆ, ಹತ್ತುವ ಮೆಟ್ಟಿಲ ಒಂದೇ ಬದಿಯಲ್ಲಿ ಹಳದಿ ಬಣ್ಣ ಪೂರ್ತಿ ಸವೆದು ಕಬ್ಬಿಣ ಕಾಣುತ್ತಿತ್ತು.

ಡ್ರೈವರು ಬಗ್ಗಿ ನೋಡಿದರು. "ಅರೆ, ಹೌದಲ್ಲ! ನಾನು ಯಾವಾಗ್ಲೂ ಎಡಗಾಲೇ ಮೊದಲು ಇಡೋದು. ಅದಕ್ಕೇ ಇರ್ಬೇಕು." ಹತ್ತಿ ತೋರಿಸಿದರು. ಅವರ ಎಡಗಾಲು ಸರಿಯಾಗಿ ಆ ಹೊಳಪಿನ ಮೇಲೇ ಕೂತಿತು.

ಅಷ್ಟು ದೊಡ್ಡ ಮಷೀನಿನ ಮೇಲೆ ಒಬ್ಬ ಮನುಷ್ಯನ ಒಂದು ಕಾಲಿನ ಗುರುತು! ಜೀರುಂಡೆ ಆ ಜಾಗವನ್ನು ಬೆರಳಿನಿಂದ ಮುಟ್ಟಿದಳು. ನುಣ್ಣಗಿತ್ತು.

ಮನೆಗೆ ಬಂದವರೇ ಕೆಲಸಕ್ಕೆ ಕೂತರು. ಅಲ್ಲಿಂದ ತಂದ ಒಣಮಣ್ಣನ್ನು ಅಮ್ಮನ ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದರು. ಅದಕ್ಕೆ ಅಮ್ಮ ಏನೆಂದಳು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಮಣ್ಣಿಗೆ ಗೋಂದು, ನೀರು, ಒಂದಿಷ್ಟು ಬಣ್ಣದ ಪುಡಿ. ಅತ್ತೆ ಕಪ್ಪು ಕೆಸರು ಮೆತ್ತಿದಳು, ಜೀರುಂಡೆ ಬಿಳಿಧೂಳು ಉದುರಿಸಿದಳು. ನಡುನಡುವೆ ಹೇರ್‌ಡ್ರೈಯರಿನಿಂದ ಒಣಗಿಸಿದರು.

"ಅತ್ತೆ, ಇದರೊಳಗೆ ಎಷ್ಟು ಜನ ಇರ್ತಾರೆ?"

"ಇದ್ರಲ್ಲಾ? ನಾಲ್ಕು ಜನ."

"ಎಲ್ಲಿಂದ ಹತ್ತುತ್ತಾರೆ?"

ಅತ್ತೆಯ ಬ್ರಶ್ಶು ನಿಂತಿತು. ಕಪಾಟಿನ ಕಡೆ ತಿರುಗಿ ನೋಡಿದಳು. ಅಲ್ಲಿದ್ದ ಯಾವ ಟ್ಯಾಂಕಿನ ಮೇಲೂ ಯಾರೂ ಹತ್ತಿದ ಗುರುತಿರಲಿಲ್ಲ. "ಇಷ್ಟು ವರ್ಷ ನಂಗೆ ಹೊಳೆದೇ ಇಲ್ವಲ್ಲೇ!" ಎಂದಳು. ಆಮೇಲೆ ಇಬ್ಬರೂ ಸೇರಿ ಬೆರಳುಗಳನ್ನೇ ಕಾಲು ಮಾಡಿಕೊಂಡು ಟ್ಯಾಂಕು ಹತ್ತಿ ನೋಡಿದರು. ಮುಂದಿನ ಚಕ್ರ, ಅದರ ಮೇಲಿನ ತಗಡು, ಆಮೇಲೆ ಮುಚ್ಚಳ. ಕಾಲು ಬೀಳುವ ಕಡೆಯಲ್ಲೆಲ್ಲಾ ಕೆಸರನ್ನು ಹಲ್ಲಿನ ಸಲಕರಣೆಯಿಂದ ಕೆರೆದರು. ಜೀರುಂಡೆ ಪೆನ್ಸಿಲಿನ ಸೀಸವನ್ನು ಪುಡಿ ಮಾಡಿ, ಬೆರಳಿನಿಂದ ಅಲ್ಲಲ್ಲಿ ತಿಕ್ಕಿದಳು. ಕಬ್ಬಿಣದಂತೆಯೇ ಹೊಳೆಯಿತು!

"ಇವನು ಡ್ರೈವರು. ಇವನು ಇಲ್ಲಿ ಕೈ ಊರಿ ಇಳೀತಾನೆ. ಈ ಗಡ್ಡದವನು ಮುಚ್ಚಳದ ಮೇಲೆ ಕೂತು ಊಟ ಮಾಡ್ತಾನೆ, ಅದಕ್ಕೇ ಇಲ್ಲಿ ನುಣ್ಣಗಾಗಿದೆ. ಇವನಿಗೆ ನನ್ನ ಥರ ಮಾತು ಜಾಸ್ತಿ, ಉಳಿದವರು ಬೈತಾರೆ..." ಎಂದು ಜೀರುಂಡೆ ಒಬ್ಬೊಬ್ಬರನ್ನೇ ಕಲ್ಪಿಸಿಕೊಂಡು ತೋರಿಸುತ್ತಾ ಹೋದಳು.

ಮೂರು ತಿಂಗಳ ಚುಕ್ಕೆಗಳೆಲ್ಲ ವಾಪಸ್ಸು ಬರಲಿಲ್ಲ, ಆದರೂ ತಡವಾಗಿ ಊಟಕ್ಕೆ ಏಳುವ ಹೊತ್ತಿಗೆ ವಾರ್ನಿಶ್ ಒಣಗಿತ್ತು.

ಮರುದಿನ ಸಭಾಂಗಣದಲ್ಲಿ ಜೀರುಂಡೆಗೆ ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ ಎಂದಾಯಿತು. ಮೇಜುಗಳನ್ನು ಕೂಡಿಸಿ ಮರಳು ಹರಡಿದ್ದರು. ಮರಳಿನ ಮೇಲೆ ಗುಡ್ಡ, ಪೊದೆ, ಮುರಿದ ಗೋಡೆ. ಟ್ಯಾಂಕುಗಳು ಗುಡುಗುಡು ಎನ್ನುತ್ತಾ ಬಂದರೆ ಮೇಜೇ ಅದುರುತ್ತಿತ್ತು. ಅತ್ತೆಯ ಟ್ಯಾಂಕಿನ ಸುತ್ತ ಜನ ಬಗ್ಗಿ ನಿಂತಿದ್ದರು. "ಯಾರೋ ಈಗ ತಾನೇ ಇಳಿದು ಹೋದ ಹಾಗಿದೆಯಲ್ರೀ!" ಎಂದರು ಒಬ್ಬರು. ಅತ್ತೆ ನಾಚಿ, ಜೀರುಂಡೆಯ ಬೆನ್ನು ತಟ್ಟಿದಳು.

ಆಮೇಲೆ ಸುಳ್ಳು ಯುದ್ಧ. ನಿಜವಾದ ಗುಂಡಿಲ್ಲ, ಟೀವಿ ರಿಮೋಟಿನಲ್ಲಿರುವಂಥ ಕಣ್ಣಿಗೆ ಕಾಣದ ಬೆಳಕು. ಅದು ತಗುಲಿದರೆ ಎದುರಿನ ಟ್ಯಾಂಕು ನಿಂತುಹೋಗುತ್ತದೆ. ಜೀರುಂಡೆಯ ಎದುರು ಕೆಂಪು ಟೋಪಿಯ ಒಬ್ಬ ಹುಡುಗ. ಅವಳು ತನ್ನ ಟ್ಯಾಂಕನ್ನು ಮುರಿದ ಗೋಡೆಯ ಹಿಂದೆ ನಿಲ್ಲಿಸಿ ಕಾದಳು. ಅವನ ಟ್ಯಾಂಕು ಗುಡ್ಡ ಇಳಿಯುತ್ತಿದ್ದಂತೆ ಬಟನ್ ಒತ್ತಿದಳು. ಢಂ!

ಅವನ ಟ್ಯಾಂಕು ಒಮ್ಮೆ ಜೋರಾಗಿ ಅಲುಗಿ, ನಿಂತಿತು. ಇಂಜಿನ್ನಿನ ಸದ್ದು ಅಡಗಿತು. ಸಣ್ಣಗೆ ಹೊಗೆ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಭೇಷ್ ಮರಿ!" ಎಂದು ಯಾರೋ ಕೂಗಿದರು. ಜೀರುಂಡೆ ಕುಣಿಯಬೇಕೆಂದು ಒಂದು ಕಾಲು ಎತ್ತಿದಳು.

ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟಳು. ಅವಳ ಕಣ್ಣು ಆ ಟ್ಯಾಂಕಿನ ಮುಚ್ಚಳದ ಮೇಲೆ ನೆಟ್ಟಿತ್ತು. ಹೊಗೆ ಬರುತ್ತಲೇ ಇತ್ತು. ಮುಚ್ಚಳ ತೆರೆಯಲಿಲ್ಲ.

"ಏಯ್, ನಿನ್ನ ಟ್ಯಾಂಕಲ್ಲಿ ಎಷ್ಟು ಜನ ಇದ್ರು?" ಎಂದು ಹುಡುಗನನ್ನು ಕೇಳಿದಳು.

"ಜನಾನಾ? ಇದ್ರಲ್ಲಿ ಮೋಟಾರ್ ಇರುತ್ತೆ ಅಷ್ಟೇ," ಎಂದ ಅವನು. ಸೋತದ್ದಕ್ಕೆ ಅವನಿಗೇನೂ ಬೇಜಾರಿದ್ದಂತಿರಲಿಲ್ಲ. "ಏನೂ ಆಗಿಲ್ಲ, ನೋಡ್ತಿರು." ಮೇಜಿನ ಮೇಲೆ ಬಗ್ಗಿ, ಟ್ಯಾಂಕನ್ನು ಮಗುಚಿ, ಹೊಟ್ಟೆಯಡಿಯ ಸ್ವಿಚ್ಚನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಮತ್ತೆ ಮರಳಿನ ಮೇಲಿಟ್ಟ. ಇಂಜಿನ್ನು ಕೆಮ್ಮಿತು. ಟ್ಯಾಂಕು ನಡುಗಿ ಎದ್ದು, ಏನೂ ಆಗದಂತೆ ಗುಡ್ಡ ಹತ್ತಿ ಹೋಯಿತು.

ಜೀರುಂಡೆ ಅದು ಹೋಗುವುದನ್ನೇ ನೋಡುತ್ತಾ ನಿಂತಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. ನಿಜವಾದ ಟ್ಯಾಂಕಿಗೆ ಆ ಸ್ವಿಚ್ಚು ಎಲ್ಲಿರುತ್ತದೆ ಎಂದು ಕೇಳಲು ಬಾಯಿ ತೆರೆದಳು.

ಕೇಳಲಿಲ್ಲ. ರಿಮೋಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅತ್ತೆಯ ಕೈಯನ್ನು ಹುಡುಕಿ ಹಿಡಿದುಕೊಂಡಳು.