ಕನ್ನಡಕದವರಿಗೆ ಜಾಗವಿಲ್ಲದ ಹೆಲ್ಮೆಟ್

"ಅಯ್ಯೋ... ಬಿದ್ದೆ!"

ನಂದಿತಾ ಚಾಚಿದ ಕೈಗೆ ಸಿಕ್ಕಿದ್ದು ಯಾರದೋ ಅಂಗಿಯ ತೋಳು. ಸಿಕ್ಕಿದ್ದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

"ಬೀಳಲ್ಲ ಕಣ್ರೀ. ನೀವು ನಿಂತಿರೋದು ನೆಲದ ಮೇಲೇನೇ," ಎಂದಿತು ಒಂದು ಗಂಡು ದನಿ, ತೀರಾ ಹತ್ತಿರದಿಂದ.

ಆ ದನಿಯವನೇ ಅವಳ ತಲೆಯ ಮೇಲಿದ್ದ ಕಪ್ಪು ಹೆಲ್ಮೆಟ್ಟನ್ನು ಮೆಲ್ಲಗೆ ಎತ್ತಿದ. ನಂದಿತಾ ತಡಕಾಡಿ ಕನ್ನಡಕ ಹಾಕಿಕೊಂಡಳು. ಎದುರಿಗೆ ನೀಲಿ ಅಂಗಿಯ ಯುವಕ. ಅವನ ತೋಳು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು! ಕೆಂಡ ಮುಟ್ಟಿದವಳಂತೆ ಬಿಟ್ಟುಬಿಟ್ಟಳು.

ಅದು 1999. ನಂಜನಗೂಡಿನ ಶಾಲೆಯೊಂದರಲ್ಲಿ ವಿಜ್ಞಾನ ಪ್ರದರ್ಶನ. ಅವನ ಹೆಸರು ಗುರುಪ್ರಸಾದ್. ತಿ. ನರಸೀಪುರದಲ್ಲಿ ಟಿವಿ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಮೈಸೂರಿನಲ್ಲಿ ಮುಚ್ಚಿಹೋದ ವಿಡಿಯೋ ಗೇಮ್ ಅಂಗಡಿಯಿಂದ ಗುಜರಿಗೆ ಹೊರಟಿದ್ದ ಆ ಹೆಲ್ಮೆಟ್ಟನ್ನು ತಂದು ಜೀವ ಕೊಟ್ಟಿದ್ದ. ವರ್ಚುವಲ್ ರಿಯಾಲಿಟಿ ಎಂದು ಅದರ ಹೆಸರು. ಹಾಕಿಕೊಂಡರೆ ಕಣ್ಣೆದುರು ಇಲ್ಲದ ಲೋಕವೊಂದು ಬಂದು ನಿಲ್ಲುತ್ತದೆ. ತಲೆ ತಿರುಗಿಸಿದರೆ ಆ ಲೋಕವೂ ತಿರುಗುತ್ತದೆ.

"ಹೇಗಿತ್ತು?" ಎಂದು ಕೇಳಿದ ಆಸೆಯಿಂದ.

"ಏನೂ ಕಾಣಲಿಲ್ಲ. ಬರೀ ಮಂಜು," ಎಂದಳು ನಂದಿತಾ. "ಕನ್ನಡಕ ತೆಗೆದರೇ ಇದು ತಲೆಗೆ ಕೂರೋದು. ತೆಗೆದರೆ ನನಗೆ ಏನೂ ಕಾಣಲ್ಲ. ಯಾರು ಮಾಡಿದ್ದು ಇದನ್ನ?"

ಬೇರೆಯವನಾಗಿದ್ದರೆ ನಗುತ್ತಿದ್ದ, ಇಲ್ಲವೇ ಮುಖ ಸಿಂಡರಿಸುತ್ತಿದ್ದ. ಇವನು ಮೇಜಿನ ಮೇಲಿದ್ದ ಉದ್ದನೆಯ ನೋಟ್‌ಬುಕ್ ತೆರೆದು ಶ್ರದ್ಧೆಯಿಂದ ಬರೆದುಕೊಂಡ. ಅದರ ರಟ್ಟಿನ ಮೇಲೆ 'ಮುಂದಿನ ಹೆಲ್ಮೆಟ್' ಎಂದಿತ್ತು.

"ದೂರು ಇಪ್ಪತ್ಮೂರು. ಕನ್ನಡಕದವರಿಗೆ ಜಾಗವಿಲ್ಲ," ಎಂದು ಓದಿ ಹೇಳಿದ. "ಇದೆಲ್ಲ ಸೇರಿಸಿ ಇಂಥದ್ದು ಮಾಡೋ ಕಂಪನಿಗೆ ಕಳಿಸ್ತೀನಿ. ಮುಂದಿನದಾದರೂ ಚೆನ್ನಾಗಿ ಬರಲಿ."

ಇವನೆಂಥ ಹುಚ್ಚ! ಎಂದುಕೊಂಡಳು. ಆದರೆ ಆ ರಾತ್ರಿ ಊಟಕ್ಕೆ ಕೂತಾಗಲೂ ಅವಳ ತುಟಿಯಂಚಿನಲ್ಲಿ ನಗು ಇತ್ತು. ತನಗೆ ಕಾಣಲಿಲ್ಲವೆಂದು ಕನ್ನಡಕವನ್ನು ಬೈಯದೆ, ಯಂತ್ರವನ್ನು ಬೈದವನು ಅವನೊಬ್ಬನೇ.

ನಂದಿತಾಳ ಸೋದರಮಾವ ಕಲ್ಲಯ್ಯನದು ಪೇಟೆಯಲ್ಲಿ ಕನ್ನಡಕದ ಅಂಗಡಿ. ಗಾಜು ಉಜ್ಜುವುದು, ಫ್ರೇಮಿಗೆ ಕೂರಿಸುವುದು ಎಲ್ಲ ಅವಳದೇ ಕೈಕೆಲಸ. ಮುಂದಿನ ಗುರುವಾರ ಗುರುಪ್ರಸಾದ್ ಅಲ್ಲಿಗೇ ಬಂದು ಹೆಲ್ಮೆಟ್ಟನ್ನು ಗಲ್ಲಾದ ಮೇಲಿಟ್ಟ.

"ಯಜಮಾನ್ರೇ, ಇದಕ್ಕೊಂದು ಕನ್ನಡಕ ಬೇಕಿತ್ತು."

ಕಲ್ಲಯ್ಯ ಹೆಲ್ಮೆಟ್ಟನ್ನೂ ಅವನನ್ನೂ ನೋಡಿದ. "ಸ್ಕೂಟರ್ ಓಡಿಸೋರಿಗೆ ಕೊಟ್ಟಿದೀನಿ ಕಣಪ್ಪ. ಹೆಲ್ಮೆಟ್ಗೇ ಕೊಟ್ಟಿರಲಿಲ್ಲ!"

ಹೆಲ್ಮೆಟ್ಟಿನೊಳಗೇ ಗಾಜು ಕೂರಿಸಿ, ಬೇಕಾದವರ ನಂಬರಿಗೆ ತಕ್ಕಂತೆ ಬದಲಿಸುವುದು ಅವನ ಉಪಾಯ. ಮೂರು ತಿಂಗಳು ಪ್ರತಿ ಗುರುವಾರ ಬಂದ. ಬಂದಾಗಲೆಲ್ಲ ಹೊಸ ದೂರುಗಳನ್ನು ಅವಳಿಗೆ ಓದಿ ಹೇಳುತ್ತಿದ್ದ. ಎರಡು ತೆಂಗಿನಕಾಯಿ ತೂಕ, ಕತ್ತು ನೋಯುತ್ತದೆ. ವೈರು ಕಾಲಿಗೆ ತೊಡರುತ್ತದೆ. ಚಿತ್ರವೆಲ್ಲ ಚೌಕ ಚೌಕ. ಹೂ ಮುಡಿದವರ ಜಡೆಗೆ ಪಟ್ಟಿ ಕೂರುವುದಿಲ್ಲ.

"ತಲೆ ತಿರುಗಿಸಿದ ಮೇಲೆ ಚಿತ್ರ ತಡವಾಗಿ ಬರುತ್ತೆ," ಎಂದ ಒಂದು ದಿನ. "ಅದಕ್ಕೇ ತಲೆಸುತ್ತು. ಇದೇ ದೊಡ್ಡ ದೂರು."

"ಬರುತ್ತಲ್ಲ, ಬಿಡಿ. ತಡವಾದರೇನಂತೆ?"

"ನಿಮ್ಮಷ್ಟು ತಾಳ್ಮೆ ಎಲ್ಲರಿಗೂ ಇರಬೇಕಲ್ಲ!"

ಅವಳ ಕಿವಿ ಬಿಸಿಯಾಯಿತು. ಗಾಜು ಒರೆಸುವ ಬಟ್ಟೆಯಿಂದ ಗಲ್ಲಾ ಒರೆಸತೊಡಗಿದಳು.

ಕೊನೆಯ ಗುರುವಾರ ಅವಳ ನಂಬರಿನದೇ ಒಂದು ಜೊತೆ ಗಾಜು ಬೇಕೆಂದ. "ದೂರು ಕೊಟ್ಟವರೇ ಮೊದಲು ನೋಡಲಿ," ಎಂದು ಹೊರಟವನು, ಬಾಗಿಲಲ್ಲಿ ನಿಂತು ಏನೋ ಹೇಳಹೋಗಿ, "ಆಮೇಲೆ... ನಿಮಗೇ ಗೊತ್ತಾಗುತ್ತೆ ಬಿಡಿ," ಎಂದು ನಕ್ಕು ಹೋದ.

ಆ ಭಾನುವಾರ ನಂದಿತಾಳನ್ನು ನೋಡಲು ಗಂಡಿನ ಕಡೆಯವರು ಬಂದರು.

ಇದು ಮೂರನೆಯ ಸಲ. ಹಿಂದಿನ ಎರಡೂ ಸಂಬಂಧ 'ಹುಡುಗಿಗೆ ದಪ್ಪ ಕನ್ನಡಕ' ಎಂದು ತಪ್ಪಿಹೋಗಿದ್ದವು. ಅಂದಿನಿಂದ ಅವಳು ಗಂಡಿನ ಹೆಸರು ಕೇಳುವುದನ್ನೂ ಫೋಟೋ ನೋಡುವುದನ್ನೂ ಬಿಟ್ಟಿದ್ದಳು. ಹೆಸರು ಗೊತ್ತಾದರೆ ಆಮೇಲೆ ಮರೆಯುವುದು ಕಷ್ಟ.

"ಕನ್ನಡಕ ತೆಗಿಯೇ," ಎಂದರು ತಾಯಿ ಸರ್ವಮಂಗಳಾ, ಎಂದಿನಂತೆ.

"ಅಮ್ಮಾ, ನನಗೆ ಯಾರೂ ಕಾಣಲ್ಲ!"

"ಅವರು ನೋಡಕ್ಕೆ ಬಂದಿರೋದು. ನೀನಲ್ಲ. ತೆಗಿ ಸುಮ್ನೆ."

ತೆಗೆದಳು. ನಡುಮನೆಯಲ್ಲಿ ಬಿಳಿ, ಹಸಿರು, ಕಂದು ಬಣ್ಣಗಳು ಕೂತಿದ್ದವು. ಉಪ್ಪಿಟ್ಟಿನ ತಟ್ಟೆಯನ್ನು ಕಂದು ಬಣ್ಣದ ಕಡೆ ಚಾಚಿ, ತಲೆ ಎತ್ತದೆ ಒಳಗೆ ಬಂದಳು. ಹುಡುಗ ಹಿರಿಯರ ಮುಂದೆ ತುಟಿ ಬಿಚ್ಚಲಿಲ್ಲ. ಮಾತೆಲ್ಲ ಅವನ ತಾಯಿಯದೇ.

ಅವರು ಹೋದ ಮೇಲೆ ನಂದಿತಾ ಜೀವನದಲ್ಲಿ ಮೊದಲ ಸಲ ಗಟ್ಟಿಯಾಗಿ ಮಾತಾಡಿದಳು. "ನನಗೆ ಈ ಹುಡುಗ ಬೇಡ."

ಮನಸ್ಸು ಗುರುವಾರಗಳ ಪಾಲಾಗಿತ್ತಲ್ಲ!

ಕಲ್ಲಯ್ಯ ಬೆರಗಾಗಿ ಅವಳನ್ನು ನೋಡಿದ. ಮೂರು ತಿಂಗಳು ಕಣ್ಣಾರೆ ಕಂಡು ಬೇಡ ಎಂದವಳಿಗೆ ತಾನೇನು ಹೇಳುವುದೆಂದು ಸುಮ್ಮನಾದ. ಊರಿಗೆಲ್ಲ ಕನ್ನಡಕ ಹಾಕಿದವನಿಗೆ, ಅಕ್ಕನ ಮಗಳ ಮೂಗಿನ ಮೇಲೆ ಅವತ್ತು ಕನ್ನಡಕ ಇರಲಿಲ್ಲವೆಂಬುದೇ ಹೊಳೆಯಲಿಲ್ಲ.

ಗುರುವಾರ ಬಂತು. ಗುರುಪ್ರಸಾದ್ ಬರಲಿಲ್ಲ. ಮತ್ತೊಂದು ಗುರುವಾರ... ಇನ್ನೊಂದು ಗುರುವಾರ...

'ನನ್ನಿಂದೇನು ತಪ್ಪಾಯಿತು?' ಉಜ್ಜಿಟ್ಟ ಗಾಜಿನ ಜೋಡಿ ಡಬ್ಬಿಯಲ್ಲೇ ಇತ್ತು. ನಾಲ್ಕನೆಯ ಗುರುವಾರ ಅದನ್ನು ಚೀಲಕ್ಕೆ ಹಾಕಿಕೊಂಡು, ತಿ. ನರಸೀಪುರದ ಬಸ್ ಹತ್ತಿದಳು.

ಗುರುಪ್ರಸಾದ್ ಬಿಚ್ಚಿದ ಟಿವಿಯ ಮುಂದೆ ಕೂತಿದ್ದ. ಅವಳನ್ನು ಕಂಡು ಎದ್ದ. ಆದರೆ ಮುಖದಲ್ಲಿ ಹಳೆಯ ನಗು ಇರಲಿಲ್ಲ.

"ನೀವು ಬರಬೇಕಾಗಿರಲಿಲ್ಲ. ಯಾರ ಕೈಲಾದ್ರೂ ಕಳಿಸಬಹುದಿತ್ತು."

ಅವಳು ಗಾಜಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ದೂರಿನ ಪುಸ್ತಕ... ಕಂಪನಿಗೆ ಕಳಿಸಿದ್ರಾ?"

"ನಾಳೆ ಕಳಿಸ್ತೀನಿ. ಭಾನುವಾರ ಹೆಮ್ಮಿಗೆಗೆ ಹೋಗಬೇಕು. ಹೆಣ್ಣು ನೋಡಕ್ಕೆ."

ನಂದಿತಾ ಮುಖ ಮರೆಸಲು ಮೇಜಿನ ಮೇಲಿದ್ದ ನೋಟ್‌ಬುಕ್ ತೆರೆದಳು. ಕೊನೆಯ ಪುಟ. ಮೇಲೆ, ಅವಳ ಮನೆಗೆ ಗಂಡಿನ ಕಡೆಯವರು ಬಂದಿದ್ದ ಭಾನುವಾರದ ತಾರೀಖು.

'ದೂರು ಅರವತ್ತೊಂದು. ಹಾಕಿಕೊಂಡವರಿಗೆ ಹೊರಗಿನವರೂ ಕಾಣಬೇಕು. ಎದುರಿಗೆ ಕೂತವನ ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟು, ಒಂದು ಸಲವೂ ಅವನ ಮುಖ ನೋಡದೆ ಹೋಗುವಂತಿರಬಾರದು.'

ಎರಡು ಸಲ ಓದಿದಳು.

"ಅವತ್ತು ನಮ್ಮನೆಗೆ ಬಂದಿದ್ದು... ನೀವಾ?!"

"ಅಣಕಿಸಬೇಡಿ, ನಂದಿತಾ. ಎದುರಿಗೇ ಕೂತಿದ್ದೆ."

"ಕಂದು ಅಂಗಿ!"

"ಹೂಂ. ಅಮ್ಮ ಹೊಲಿಸಿದ್ದು."

ನಂದಿತಾ ಕನ್ನಡಕ ತೆಗೆದು ಅವನ ಅಂಗೈ ಮೇಲಿಟ್ಟಳು. ಕಣ್ಣು ತುಂಬಿತ್ತು. "ಹೆಣ್ಣು ತೋರಿಸೋವಾಗ ನನ್ನ ಕನ್ನಡಕ ತೆಗೆಸ್ತಾರೆ. ಅವತ್ತು ನೀವು ಬರೀ ಕಂದು ಬಣ್ಣ. ಇವತ್ತು ಬರೀ ನೀಲಿ. ನಿಮಗೋಸ್ಕರಾನೇ ಕಣ್ರೀ ನಾನು ಆ ಕಂದು ಅಂಗಿಯವರನ್ನ ಬೇಡ ಅಂದಿದ್ದು!"

ಮೂರು ತಿಂಗಳು ಅವಳ ಕಣ್ಣಿಗಾಗಿ ಗಾಜು ಜೋಡಿಸಿದವನು, ಆ ಗಾಜಿಲ್ಲದ ದಿನ ಅವಳಿಗೇನು ಕಂಡೀತೆಂದು ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಕನ್ನಡಕವನ್ನು ಅಂಗಿಯ ಅಂಚಿನಿಂದ ಒರೆಸಿ, ತಾನೇ ಅವಳ ಕಿವಿಗೆ ಸಿಕ್ಕಿಸಿದ.

"ಈಗ?"

"ಈಗ ಕಾಣ್ತಿದೀರ."

"ನಂದಿತಾ... ನಾನು ನಿಮ್ಮನ್ನ ಇಷ್ಟಪಟ್ಟಿದ್ದು ಆ ಶಾಲೆಯಲ್ಲೇ. ತೋಳು ಹಿಡಿದಾಗಲೇ."

"ಮತ್ತೆ ಹೆಮ್ಮಿಗೆ?"

"ಇವತ್ತೇ ಅಮ್ಮನಿಗೆ ಹೇಳ್ತೀನಿ. ಹೆಮ್ಮಿಗೆ ಬೇಡ, ನಂಜನಗೂಡಿಗೇ ನಡಿ ಅಂತ."

ಗಾಜನ್ನು ಹೆಲ್ಮೆಟ್ಟಿಗೆ ಕೂರಿಸಿ ತೋರಿಸಿದ. ಚೌಕ ಚೌಕದ ಹಸಿರು ಬೆಟ್ಟ, ಮೇಲೆ ನೀಲಿ ಆಕಾಶ. ಮೊದಲ ಸಲ ಎಲ್ಲ ನಿಚ್ಚಳ! ಎರಡೇ ನಿಮಿಷ ನೋಡಿ ತೆಗೆದಿಟ್ಟಳು. ಅವಳಿಗೆ ಹೊರಗಿನದೇ ನೋಡಬೇಕಿತ್ತು.

ಆ ಭಾನುವಾರ ಅದೇ ನಡುಮನೆ. ಸರ್ವಮಂಗಳಾ ಕೈ ಚಾಚಿದರು. ನಂದಿತಾ ಕನ್ನಡಕವನ್ನು ಇನ್ನಷ್ಟು ಮೇಲಕ್ಕೆ ತಳ್ಳಿಕೊಂಡು, ಕಾಫಿ ಲೋಟಗಳ ತಟ್ಟೆ ಹಿಡಿದು ನೇರ ಹೊರಗೆ ಬಂದಳು. ತಲೆ ಎತ್ತಿ ನೋಡಿದಳು. ನೋಡುತ್ತಲೇ ನಿಂತಳು.

"ಹುಡುಗಿ ಅದೇನು ಹಾಗೆ ದಿಟ್ಟಿಸಿ ನೋಡ್ತಾಳಪ್ಪ!" ಎಂದರು ಗುರುಪ್ರಸಾದನ ತಾಯಿ ಮಂಗಳಗೌರಿ.

"ನೋಡ್ಲಿ ಬಿಡಿ ತಾಯಿ," ಎಂದ ಕಲ್ಲಯ್ಯ. "ನಮ್ಮ ಅಂಗಡೀದೇ ಗಾಜು."

ಲೋಟ ಕೊಡುವಾಗ ನಂದಿತಾ ಮೆಲ್ಲಗೆ ಕೇಳಿದಳು. "ಏನಾದ್ರೂ ದೂರು ಇದ್ಯಾ?"

"ಒಂದೇ ಒಂದು. ಚಿತ್ರ ಸ್ವಲ್ಪ ತಡವಾಗಿ ಬಂತು."

"ಬಂತಲ್ಲ... ಬಿಡಿ."